ಅರ್ಧಕ್ಕೆ ನಿಂತ ಮೇಲುಹೊದಿಕೆ: ಒಂದು ಕನ್ವರ್ಟಿಬಲ್ ಕಾರಿನ ಪ್ರಕರಣ ಅಧ್ಯಯನ

ಎರಡು ಸೀಟಿನ ಕನ್ವರ್ಟಿಬಲ್ ಕಾರು, ವಯಸ್ಸು 13 ವರ್ಷ. ಸ್ವಿಚ್ ಒತ್ತಿ ಹಿಡಿದರೆ ಬಟ್ಟೆಯ ಮೇಲುಹೊದಿಕೆ ತಾನಾಗಿ ಮಡಚಿಕೊಂಡು ಸೀಟುಗಳ ಹಿಂದಿನ ಗೂಡಿಗೆ ಇಳಿಯಬೇಕು. ಮತ್ತೆ ಒತ್ತಿದರೆ ಎದ್ದು ಬಂದು ಮುಂಗಾಜಿನ ಚೌಕಟ್ಟಿಗೆ ಕಚ್ಚಿಕೊಳ್ಳಬೇಕು. ನನ್ನ ಬಳಿಗೆ ಬಂದಾಗ ಅದು ಎರಡನ್ನೂ ಮಾಡುತ್ತಿರಲಿಲ್ಲ. ಮುಂದಿನ ಕೊಂಡಿ ಬಿಡಿಸಿಕೊಳ್ಳುತ್ತಿತ್ತು, ಹೊದಿಕೆ ಒಂದು ಗೇಣು ಏಳುತ್ತಿತ್ತು, ಅಷ್ಟಕ್ಕೇ ನಿಂತು ಎಚ್ಚರಿಕೆಯ ದೀಪ ಮಿನುಗತೊಡಗುತ್ತಿತ್ತು. ಹತ್ತು ನಿಮಿಷ ಬಿಟ್ಟು ಒತ್ತಿದರೆ ಇನ್ನೊಂದು ಗೇಣು. ಕೈಬಿಟ್ಟು ಸುಮ್ಮನೆ ನೋಡುತ್ತಾ ನಿಂತರೆ, ಏರಿದ್ದ ಹೊದಿಕೆ ಮೆಲ್ಲಗೆ ಕುಸಿದು ಮತ್ತೆ ಚೌಕಟ್ಟಿನ ಮೇಲೆ ಕುಳಿತುಬಿಡುತ್ತಿತ್ತು.

ಕಾರಿನ ಒಡತಿ ಒಂಬತ್ತು ವರ್ಷಗಳಿಂದ ಅದನ್ನು ಓಡಿಸುತ್ತಿದ್ದಾರೆ. ಮೊದಲು ತೋರಿಸಿದ ವರ್ಕ್‌ಶಾಪ್‌ನಲ್ಲಿ ಸ್ವಿಚ್ ಎರಡು ಸಲ ಒತ್ತಿ ನೋಡಿ, "ಹೈಡ್ರಾಲಿಕ್ ಪಂಪ್ ಹೋಗಿದೆ, ಪೂರ್ತಿ ಬದಲಾಯಿಸಬೇಕು" ಎಂದು ಹೇಳಿ ಕಳುಹಿಸಿದ್ದರಂತೆ. "ಹೋಗಿದ್ದರೆ ಹಾಕಿಸೋಣ. ಆದರೆ ಯಾಕೆ ಹೋಯಿತು ಎಂದು ಯಾರಾದರೂ ಹೇಳಬೇಕಲ್ಲವೇ?" ಎಂದು ಅವರು ನನ್ನನ್ನು ಕೇಳಿದರು. ಈ ಕಾರಿನ ಮೇಲೆ ಕೆಲಸ ಮಾಡಿದ ನಾಲ್ಕು ದಿನವೂ ನನ್ನನ್ನು ಸರಿದಾರಿಯಲ್ಲಿ ಇರಿಸಿದ್ದು ಆ ಒಂದು ಪ್ರಶ್ನೆ. ಇಂತಹ ಹೊದಿಕೆಗಳಲ್ಲಿ ಕೆಟ್ಟಿದ್ದು ಒಂದು ಕಡೆ ಕಾಣುತ್ತದೆ, ಕೆಡಿಸಿದ್ದು ಇನ್ನೊಂದು ಕಡೆ ಅಡಗಿರುತ್ತದೆ. ಕಾಣುವುದನ್ನಷ್ಟೇ ಬದಲಾಯಿಸಿದರೆ ಹೊಸ ಭಾಗವೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಕೇಳಿ ತಿಳಿದುಕೊಂಡದ್ದು

ಬಾನೆಟ್ ಎತ್ತುವ ಮೊದಲು ಅರ್ಧ ಗಂಟೆ ಮಾತನಾಡಿದೆವು. ತೊಂದರೆ ಒಮ್ಮೆಗೇ ಬಂದಿರಲಿಲ್ಲ. ಮೊದಲೆಲ್ಲ ಹದಿನೈದು ಸೆಕೆಂಡಿನೊಳಗೆ ಮುಗಿಯುತ್ತಿದ್ದ ಕೆಲಸಕ್ಕೆ ಕಳೆದ ಕೆಲವು ತಿಂಗಳಿಂದ ಹೆಚ್ಚು ಸಮಯ ಹಿಡಿಯುತ್ತಿತ್ತು. ಪಂಪಿನ ಸದ್ದು ಬದಲಾಗಿತ್ತು: ಮೊದಲು ಚುರುಕಾಗಿ ಗುಂಯ್‌ಗುಡುತ್ತಿದ್ದುದು ಈಗ ಕಂಬಳಿ ಹೊದ್ದು ನರಳಿದಂತೆ ಕೇಳುತ್ತಿತ್ತು. ಪೂರ್ತಿ ಕೈಕೊಟ್ಟಿದ್ದು ಎರಡು ದಿನ ಬಿಡದೆ ಸುರಿದ ಮಳೆಯ ನಂತರ. ಕಾರು ನಿಲ್ಲುತ್ತಿದ್ದುದು ಮರದ ಕೆಳಗೆ. ಮಾತು ಮುಗಿಸಿ ಏಳುವಾಗ ಅವರು ಇನ್ನೊಂದು ವಿಷಯ ಹೇಳಿದರು: "ಸೀಟಿನ ಹಿಂದೆ ಒಂದು ತರಹದ ಮುಗ್ಗಲು ವಾಸನೆ ಬರುತ್ತದೆ. ಬಟ್ಟೆ ಹಳೆಯದಾಯಿತೇನೋ ಅಂದುಕೊಂಡಿದ್ದೆ."

ಮಳೆ, ಮರ, ಮುಗ್ಗಲು ವಾಸನೆ. ಈ ಮೂರನ್ನೂ ಬರೆದುಕೊಂಡೆ. ಆದರೂ ಮೊದಲು ನೋಡಬೇಕಾದದ್ದು ಬೇರೆ ಇತ್ತು. ವಿದ್ಯುತ್ ಚಾಲಿತ ಹೊದಿಕೆ ಕೆಲವು ಷರತ್ತುಗಳು ಪೂರೈಸದೆ ಅಲುಗಾಡುವುದೇ ಇಲ್ಲ. ಕೆಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಕೆಲವದರಲ್ಲಿ ಕಾರು ನಿಂತಿರಬೇಕು ಇಲ್ಲವೇ ನಿಗದಿತ ವೇಗಕ್ಕಿಂತ ನಿಧಾನವಾಗಿ ಚಲಿಸುತ್ತಿರಬೇಕು. ಡಿಕ್ಕಿಯ ಬಾಗಿಲು ಸರಿಯಾಗಿ ಮುಚ್ಚಿರಬೇಕು, ಹೊದಿಕೆ ಬಂದು ಕೂರುವ ಜಾಗಕ್ಕೂ ಸಾಮಾನಿನ ಜಾಗಕ್ಕೂ ನಡುವಿನ ಅಡ್ಡಪರದೆ ಇಳಿದಿರಬೇಕು. ತೀರಾ ಚಳಿಯಲ್ಲಿ ಬಟ್ಟೆ ಬಿರುಸಾಗಿರುತ್ತದೆಂದು ತಾನೇ ನಿರಾಕರಿಸುವ ವ್ಯವಸ್ಥೆಗಳೂ ಇವೆ. ಕೈಪಿಡಿಯ ಆ ಒಂದು ಪುಟ ಓದದೆ ಪಂಪನ್ನು ಬಿಚ್ಚಿದವರನ್ನು ನಾನು ಕಂಡಿದ್ದೇನೆ. ಡಿಕ್ಕಿಯಲ್ಲಿ ಒಂದು ಚೀಲ ಅಡ್ಡಪರದೆಗೆ ಒತ್ತಿ ಕುಳಿತಿದ್ದರೂ ಇಡೀ ಯಂತ್ರ ಸುಮ್ಮನಾಗುತ್ತದೆ. ಆದರೆ ಷರತ್ತು ಪೂರೈಸದಿದ್ದರೆ ಹೊದಿಕೆ ಶುರುವೇ ಆಗುವುದಿಲ್ಲ. ಇಲ್ಲಿ ಶುರುವಾಗಿ ಸೋಲುತ್ತಿತ್ತು. ಹಾಗಾಗಿ ಈ ಅನುಮಾನವನ್ನು ಬೇಗ ಬದಿಗಿಟ್ಟೆ.

ಒಳಗಿನ ಏರ್ಪಾಡು

ಇಂತಹ ಹೊದಿಕೆಗಳಿಗೆ ಯಂತ್ರಬಲ ಬಂದು ಬಹಳ ಕಾಲವಾಯಿತು. 1939ರಲ್ಲೇ ಅಮೆರಿಕದ ಪ್ಲಿಮತ್ ಕನ್ವರ್ಟಿಬಲ್ ಕಾರಿನಲ್ಲಿ ಎಂಜಿನ್ನಿನ ನಿರ್ವಾತದಿಂದ ಎಳೆಯುವ ಸಿಲಿಂಡರುಗಳಿದ್ದವು. ಆಮೇಲೆ ಎಣ್ಣೆಯ ಒತ್ತಡ ಬಂತು. ಇಂದಿಗೂ ಅನೇಕ ಕಾರುಗಳಲ್ಲಿ ಅದೇ ಇದೆ, ಇನ್ನು ಕೆಲವದರಲ್ಲಿ ಎಣ್ಣೆಯಿಲ್ಲದೆ ಬರೀ ಮೋಟಾರು ಮತ್ತು ಗೇರುಗಳಿಂದ ಕೆಲಸ ನಡೆಯುತ್ತದೆ.

ಈ ಕಾರಿನದು ಎಣ್ಣೆಯ ಏರ್ಪಾಡು. ಒಂದು ಪುಟ್ಟ ಮೋಟಾರು, ಅದಕ್ಕಂಟಿದ ಪಂಪ್, ಅದರ ಮೇಲೆ ಪಾರದರ್ಶಕ ಎಣ್ಣೆ ಡಬ್ಬಿ. ಅಲ್ಲಿಂದ ಹೊರಟ ಕೊಳವೆಗಳು ಎಡಕ್ಕೊಂದು ಬಲಕ್ಕೊಂದರಂತಿರುವ ಸಿಲಿಂಡರುಗಳಿಗೆ ಹೋಗುತ್ತವೆ. ಮೋಟಾರು ಒಂದು ದಿಕ್ಕಿಗೆ ತಿರುಗಿದರೆ ಎಣ್ಣೆ ಸಿಲಿಂಡರಿನ ಒಂದು ಬದಿಗೆ ನುಗ್ಗಿ ಹೊದಿಕೆ ಏಳುತ್ತದೆ, ತಿರುಗುಮುರುಗಾದರೆ ಇನ್ನೊಂದು ಬದಿಗೆ ನುಗ್ಗಿ ಇಳಿಯುತ್ತದೆ. ದಿಕ್ಕು ಬದಲಿಸುವುದು ಎರಡು ರಿಲೇಗಳು, ಅಂದರೆ ವಿದ್ಯುತ್ತಿನಿಂದಲೇ ಕೆಲಸ ಮಾಡುವ ಸ್ವಿಚ್ಚುಗಳು. ಅವುಗಳಿಗೆ ಆಜ್ಞೆ ಕೊಡುವುದು ನಿಯಂತ್ರಣ ಪೆಟ್ಟಿಗೆ. ಹೊದಿಕೆ ಎಲ್ಲಿಯವರೆಗೆ ಬಂತು ಎಂದು ಆ ಪೆಟ್ಟಿಗೆಗೆ ವರದಿ ಮಾಡಲು ಚೌಕಟ್ಟಿನ ಕೀಲುಗಳಲ್ಲಿ ಸಣ್ಣ ಸಂವೇದಕಗಳಿವೆ. ಆಜ್ಞೆ ಕೊಟ್ಟ ಇಷ್ಟು ಹೊತ್ತಿನೊಳಗೆ ಇಂತಹ ಸಂವೇದಕದಿಂದ ಸುದ್ದಿ ಬರಬೇಕು ಎಂಬ ಲೆಕ್ಕ ಪೆಟ್ಟಿಗೆಯೊಳಗೆ ಇರುತ್ತದೆ. ಸುದ್ದಿ ಬಾರದಿದ್ದರೆ ಏನೋ ಸಿಕ್ಕಿಕೊಂಡಿದೆ ಎಂದು ತಿಳಿದು ಅದು ಮೋಟಾರನ್ನು ನಿಲ್ಲಿಸುತ್ತದೆ, ಸ್ವಲ್ಪ ಹೊತ್ತಿನ ನಂತರ ಎಣ್ಣೆಯ ಒತ್ತಡವನ್ನೂ ಬಿಡುತ್ತದೆ. ಏರಿದ್ದ ಹೊದಿಕೆ ಮೆಲ್ಲಗೆ ಕುಸಿಯುತ್ತಿದ್ದುದು ಈ ಕಾರಣಕ್ಕೆ. ಅದು ಕಾಯಿಲೆಯಲ್ಲ, ವಿನ್ಯಾಸ.

ಆದರೆ ಅಪಾಯ ಇರುವುದೂ ಅಲ್ಲೇ. ಅರ್ಧಕ್ಕೆ ನಿಂತ ಚೌಕಟ್ಟಿನ ಕೆಳಗೆ ಕೈಹಾಕಿ ತಂತಿ ಹುಡುಕುವವರು ನೆನಪಿಡಬೇಕು, ಒತ್ತಡ ಯಾವ ಗಳಿಗೆಯಲ್ಲಾದರೂ ಇಳಿಯಬಹುದು. ಆ ಕೀಲುಗಳು ಕತ್ತರಿಯ ಬಾಯಿಯಂತೆ ಮುಚ್ಚಿಕೊಳ್ಳುತ್ತವೆ. ಬಟ್ಟೆ ಸುತ್ತಿದ ಮರದ ಕೋಲೊಂದನ್ನು ಆಸರೆಯಾಗಿ ನಿಲ್ಲಿಸಿದ ಮೇಲೆಯೇ ನಾನು ಒಳಗೆ ಕೈಯಿಟ್ಟೆ. ಪಂಪಿನ ಬದಿಯಲ್ಲಿರುವ ತುರ್ತು ತಿರುಪನ್ನು ಸಡಿಲಿಸಿದರೆ ಎಣ್ಣೆ ಅತ್ತಿತ್ತ ಸರಾಗವಾಗಿ ಹರಿದು ಹೊದಿಕೆಯನ್ನು ಕೈಯಿಂದಲೇ ಎತ್ತಬಹುದು. ಎತ್ತುವಾಗ ಮಾತ್ರ ಇಬ್ಬರು ಬೇಕು, ಎಡಕ್ಕೊಬ್ಬರು ಬಲಕ್ಕೊಬ್ಬರು. ಒಂದೇ ಬದಿಯಿಂದ ಎಳೆದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ಹಾಗೆ ತಿರುಚಿದ್ದನ್ನು ಮೊದಲಿನಂತೆ ಕೂರಿಸುವುದು ಪಂಪ್ ಬದಲಿಸುವುದಕ್ಕಿಂತ ಕಷ್ಟದ ಕೆಲಸ.

ಮೂರು ವೋಲ್ಟ್ ಎಲ್ಲಿ ಹೋಯಿತು?

ಬ್ಯಾಟರಿ ಚೆನ್ನಾಗಿತ್ತು: ಸುಮ್ಮನಿದ್ದಾಗ 12.6 ವೋಲ್ಟ್. ಫ್ಯೂಸ್ ಸರಿಯಿತ್ತು, ರಿಲೇಗಳು ಟಕ್ಕೆಂದು ಸದ್ದು ಮಾಡುತ್ತಿದ್ದವು. ಎಣ್ಣೆಯ ಮಟ್ಟವೂ ಸರಿಯಾಗಿತ್ತು. ಅದನ್ನು ನೋಡುವಾಗ ಹೊದಿಕೆ ಯಾವ ಸ್ಥಿತಿಯಲ್ಲಿರಬೇಕೆಂದು ಕೈಪಿಡಿ ಹೇಳುತ್ತದೆ. ಸಿಲಿಂಡರಿನ ದಂಡ ಹೊರಬಂದಾಗ ಒಳಗೆ ಹೆಚ್ಚು ಎಣ್ಣೆ ಹಿಡಿಯುವುದರಿಂದ ಡಬ್ಬಿಯ ಮಟ್ಟ ಇಳಿದಂತೆ ಕಾಣುತ್ತದೆ. ಅದು ತಿಳಿಯದೆ ತುಂಬಿಸಿದವರ ಡಬ್ಬಿ ಹೊದಿಕೆ ಮಡಚಿದಾಗ ಉಕ್ಕುತ್ತದೆ.

ಮುಂದಿನ ಅಳತೆ ಮೋಟಾರಿನ ಕನೆಕ್ಟರಿನಲ್ಲಿ. ಮಲ್ಟಿಮೀಟರಿನ ಎರಡು ಮೊನೆಗಳನ್ನು ಅಲ್ಲಿ ಕೂರಿಸಿ, ಎಂಜಿನ್ ಆರಿಸಿಟ್ಟು, ಒಡತಿಗೆ ಸ್ವಿಚ್ ಒತ್ತಲು ಹೇಳಿದೆ. ಬ್ಯಾಟರಿಯ ಬಳಿ 12.3 ವೋಲ್ಟ್ ಇದ್ದಾಗ ಮೋಟಾರಿಗೆ ತಲುಪುತ್ತಿದ್ದುದು 8.9 ಮಾತ್ರ. ನಡುವೆ 3.4 ವೋಲ್ಟ್ ಸೋರಿಹೋಗುತ್ತಿತ್ತು.

ಪಂಪ್ ಸತ್ತಿದೆ ಎಂಬ ತೀರ್ಪು ಇಲ್ಲಿಗೆ ಬಿದ್ದುಹೋಯಿತು. ಇಂತಹ ಮೋಟಾರಿನ ವೇಗ ಹೆಚ್ಚುಕಡಿಮೆ ಅದಕ್ಕೆ ಸಿಗುವ ವೋಲ್ಟೇಜಿನ ಜೊತೆಯಲ್ಲೇ ಏರಿಳಿಯುತ್ತದೆ. ಮೋಟಾರಿಗೆ ಎತ್ತುವ ಶಕ್ತಿ ಇತ್ತು, ಹೊತ್ತಿಗೆ ಸರಿಯಾಗಿ ತಲುಪುವ ವೇಗ ಇರಲಿಲ್ಲ. ಪೆಟ್ಟಿಗೆ ಲೆಕ್ಕದ ಪ್ರಕಾರ ಕಾದು, ಸುದ್ದಿ ಬಾರದೆ, ನಿಲ್ಲಿಸುತ್ತಿತ್ತು.

ಸೋರಿಕೆ ಯಾವ ದಾರಿಯಲ್ಲಿ? ವಿದ್ಯುತ್ತಿಗೆ ಹೋಗುವ ದಾರಿ ಒಂದು, ಹಿಂದಿರುಗುವ ದಾರಿ ಇನ್ನೊಂದು. ಮೀಟರಿನ ಒಂದು ಮೊನೆ ಬ್ಯಾಟರಿಯ ಧನ ತುದಿಯಲ್ಲಿ, ಇನ್ನೊಂದು ಮೋಟಾರಿನ ಧನ ತುದಿಯಲ್ಲಿ ಇಟ್ಟು ಸ್ವಿಚ್ ಒತ್ತಿಸಿದಾಗ 0.4 ವೋಲ್ಟ್. ಅಷ್ಟು ಉದ್ದದ ತಂತಿ, ಫ್ಯೂಸ್, ರಿಲೇ ಎಲ್ಲ ದಾಟಿ ಬರುವಾಗ ಅದು ಸಹಜ. ಹಿಂದಿರುಗುವ ಬದಿಯಲ್ಲಿ ಹಾಗೆಯೇ ಅಳೆದರೆ 3.0 ವೋಲ್ಟ್. ಕಳ್ಳ ಸಿಕ್ಕಿದ್ದ: ಅರ್ಥಿಂಗ್, ಅಂದರೆ ವಿದ್ಯುತ್ತು ಕಾರಿನ ಲೋಹದ ದೇಹದ ಮೂಲಕ ಬ್ಯಾಟರಿಗೆ ಹಿಂದಿರುಗುವ ಸಂಪರ್ಕ, ಕೆಟ್ಟಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇದೇ ಅರ್ಥಿಂಗನ್ನು ಬ್ಯಾಟರಿ ಕಳಚಿ ಓಮ್ (ವಿದ್ಯುತ್ತಿಗಿರುವ ಅಡ್ಡಿಯ ಅಳತೆ) ಲೆಕ್ಕದಲ್ಲಿ ಅಳೆದಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಖಾತ್ರಿಗಾಗಿ ಅಳೆದೂ ನೋಡಿದೆ: 0.3 ಓಮ್. ಮೀಟರಿನ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದರೇ 0.2 ತೋರಿಸುತ್ತಿತ್ತು. ಸಾಮಾನ್ಯ ಮೀಟರಿಗೆ ಅದು ಸರಿಯಿದೆ ಎಂದೇ ಲೆಕ್ಕ. ಆದರೆ ತಂತಿಯನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ನೋಡಿದಾಗ ಮೋಟಾರು 25 ಆಂಪಿಯರ್ ಎಳೆಯುತ್ತಿತ್ತು. 3.0 ವೋಲ್ಟನ್ನು 25ರಿಂದ ಭಾಗಿಸಿದರೆ ಬರುವುದು 0.12 ಓಮ್. ಮೀಟರಿನ ಕಣ್ಣಿಗೆ ಬೀಳದ ಆ ಕಿರು ಅಡ್ಡಿಯಲ್ಲಿ 75 ವ್ಯಾಟ್ ಶಾಖವಾಗಿ ಉರಿದುಹೋಗುತ್ತಿತ್ತು. ಬಿಸಿಯೇರಿದಂತೆ ಅಡ್ಡಿ ಇನ್ನಷ್ಟು ಬೆಳೆಯುತ್ತದೆ, ತಣ್ಣಗಾದ ಮೇಲೆ ತುಸು ತಗ್ಗುತ್ತದೆ. ಹತ್ತು ನಿಮಿಷದ ನಂತರ ಇನ್ನೊಂದು ಗೇಣು ಏಳುತ್ತಿದ್ದುದರ ಗುಟ್ಟು ಅದೇ ಎಂದು ನನಗೆ ಆಗ ಹೊಳೆಯಿತು. ದೊಡ್ಡ ಹೊರೆ ಎಳೆಯುವ ತಂತಿಯನ್ನು ಹೊರೆ ಹೊತ್ತಿರುವಾಗಲೇ ಪರೀಕ್ಷಿಸಬೇಕು. ಹತ್ತು ಎಳೆಗಳ ಹಗ್ಗದಲ್ಲಿ ಒಂಬತ್ತು ಕಡಿದಿದ್ದರೂ ಖಾಲಿ ಕೊಡ ನೇತಾಡುತ್ತದೆ, ನೀರು ತುಂಬಿದಾಗ ಮಾತ್ರ ನಿಜ ಗೊತ್ತಾಗುತ್ತದೆ.

ಸೀಟಿನ ಹಿಂದಿನ ಕುಳಿ

ಅರ್ಥಿಂಗಿನ ಬೋಲ್ಟ್ ಇದ್ದದ್ದು ಎಡ ಸೀಟಿನ ಹಿಂದೆ, ದೇಹದ ಅತ್ಯಂತ ತಗ್ಗಿನಲ್ಲಿರುವ ಕುಳಿಯಲ್ಲಿ, ಪಂಪಿನ ಪಕ್ಕದಲ್ಲೇ. ಅಲ್ಲಿಗೆ ತಲುಪಲು ಸೀಟು ಬಿಚ್ಚಬೇಕು. ಸೀಟಿನ ಕೆಳಗಿನ ಹಳದಿ ಕನೆಕ್ಟರುಗಳು ಏರ್‌ಬ್ಯಾಗ್ ವ್ಯವಸ್ಥೆಗೆ ಸೇರಿದವು. ಬ್ಯಾಟರಿಯ ಸಂಪರ್ಕ ತೆಗೆದು, ತಯಾರಕರು ಹೇಳಿದಷ್ಟು ಹೊತ್ತು ಕಾದ ಮೇಲೆಯೇ ಅವನ್ನು ಮುಟ್ಟಿದೆ.

ನೆಲಹಾಸನ್ನು ಎತ್ತಿದಾಗ ಆ ವಾಸನೆ ಮುಖಕ್ಕೆ ಹೊಡೆಯಿತು. ಕೆಳಗಿನ ದಪ್ಪ ಸ್ಪಂಜು ಒದ್ದೆ. ಅದನ್ನು ಸರಿಸಿದರೆ ಕುಳಿಯಲ್ಲಿ ಕಂದು ಬಣ್ಣದ ನೀರು, ನಾಲ್ಕು ಬೆರಳಿನಷ್ಟು ಆಳ. ಪಂಪಿನ ಸದ್ದು ಅಡಗಲೆಂದು ಅದಕ್ಕೆ ತೊಡಿಸಿದ್ದ ಸ್ಪಂಜಿನ ಕವಚ ದೀಪದ ಬತ್ತಿ ಎಣ್ಣೆ ಹೀರುವಂತೆ ನೀರನ್ನು ಮೇಲಕ್ಕೆ ಎಳೆದುಕೊಂಡು ಮೋಟಾರಿನ ಸೊಂಟದವರೆಗೂ ತಂಪು ಹಿಡಿದಿತ್ತು. ಬಟ್ಟೆಯಲ್ಲಿ ಹೀರಿ ಹಿಂಡಿ ಹೊರಹಾಕಿದ ನೀರು ಎರಡು ಲೀಟರಿಗೂ ಹೆಚ್ಚಿತ್ತು.

ಬೋಲ್ಟಿನ ಮೇಲೆ ಹಸಿರು ಕಿಲುಬು ದಪ್ಪಗೆ ಹೂಬಿಟ್ಟಂತೆ ಕೂತಿತ್ತು. ತಂತಿಯ ತುದಿಯ ಉಂಗುರದ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಕೆ ಸುಟ್ಟು ಕಂದಾಗಿತ್ತು. ಒಡತಿಯನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಬಗ್ಗಿ ನೋಡಿದರು. "ಇಷ್ಟು ಸಣ್ಣದಾ?" ಎಂದಷ್ಟೇ ಕೇಳಿದರು.

ಆ ಉಂಗುರವನ್ನು ಬರೀ ಉಜ್ಜಿ ಮತ್ತೆ ಹಾಕಬಹುದಿತ್ತು, ಹೊದಿಕೆ ಆ ದಿನವೇ ಏಳುತ್ತಿತ್ತು. ಆದರೆ ತಂತಿಯ ಸಿಪ್ಪೆಯನ್ನು ತುಸು ಸುಲಿದು ನೋಡಿದಾಗ ಒಳಗಿನ ತಾಮ್ರ ಎರಡು ಬೆರಳು ದೂರದವರೆಗೆ ಕಪ್ಪಾಗಿತ್ತು. ತೇವ ಎಳೆಗಳ ಸಂದಿಯಲ್ಲಿ ಹತ್ತಿಕೊಂಡು ಹೋಗಿತ್ತು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತಂತಿ ಜೋಡಿಸಿ, ತವರ ಲೇಪದ ಹೊಸ ಉಂಗುರ ಒತ್ತಿದೆ. ಅದನ್ನು ಹಳೆಯ ಜಾಗಕ್ಕೆ ಕಟ್ಟದೆ, ಒಂದು ಗೇಣು ಮೇಲೆ ತಯಾರಕರೇ ಕೊಟ್ಟಿದ್ದ ಇನ್ನೊಂದು ಅರ್ಥಿಂಗ್ ಬೋಲ್ಟಿಗೆ ಕಟ್ಟಿದೆ. ಬಣ್ಣ ಕೆರೆದು ಲೋಹ ಹೊಳೆಯಿಸಿ, ಬಿಗಿದ ನಂತರ ಮೇಲೆ ರಕ್ಷಕ ಮೇಣ ಸಿಂಪಡಿಸಿದೆ. ಬಿಗಿಯುವ ಮೊದಲೇ ಮೇಣ ಹಚ್ಚಿದರೆ ಅದೇ ಅಡ್ಡಿಯಾಗಿ ಕೂರುತ್ತದೆ.

ಪಂಪನ್ನು ಹೊರತೆಗೆದು ಎರಡು ದಿನ ಬೆಚ್ಚಗಿನ ಗಾಳಿಯಲ್ಲಿ ಇಟ್ಟೆ. ಹೊರಕವಚದ ಮೇಲೆ ತುಕ್ಕಿನ ಚುಕ್ಕೆಗಳಿದ್ದವು, ಕನೆಕ್ಟರಿನ ಪಿನ್ನುಗಳು ಮಂಕಾಗಿದ್ದವು, ಮೋಟಾರಿನೊಳಗೆ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ಚೆನ್ನಾಗಿದ್ದವು. ಎಣ್ಣೆ ತಿಳಿಹಸಿರಾಗಿಯೇ ಇತ್ತು. ಹಾಲು ಬೆರೆತಂತೆ ಕದಡಿದ್ದರೆ ನೀರು ಒಳಸೇರಿದೆ ಎಂದರ್ಥ, ಆಗ ಪೂರ್ತಿ ತೆಗೆದು ತೊಳೆದು ಹೊಸದು ತುಂಬಬೇಕಾಗುತ್ತಿತ್ತು. ಎಣ್ಣೆಯ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನು ಸುರಿಯುವುದು ದೊಡ್ಡ ಅನಾಹುತ. ಹಿಂದಿನ ಕಾಲದ ಅನೇಕ ಅಮೆರಿಕನ್ ಕನ್ವರ್ಟಿಬಲ್‌ಗಳಲ್ಲಿ ಬ್ರೇಕ್ ಎಣ್ಣೆಯನ್ನೇ ಬಳಸುತ್ತಿದ್ದರು, ಆಮೇಲಿನವುಗಳಲ್ಲಿ ಗೇರ್‌ಬಾಕ್ಸಿನ ತೆಳು ಎಣ್ಣೆ ಇಲ್ಲವೇ ವಿಶೇಷ ಹೈಡ್ರಾಲಿಕ್ ಎಣ್ಣೆ ಬಂತು. ಒಂದಕ್ಕೆ ಒಗ್ಗಿದ ರಬ್ಬರ್ ಸೀಲು ಇನ್ನೊಂದರಲ್ಲಿ ಊದಿಕೊಂಡು ಹಾಳಾಗುತ್ತದೆ. ಡಬ್ಬಿಯ ಮೇಲೆ ಏನು ಬರೆದಿದೆಯೋ ಅದೇ.

ನೀರಿನ ದಾರಿ

ಇಷ್ಟಾದ ಮೇಲೆ ಕಾರನ್ನು ಜೋಡಿಸಿ ಕೊಟ್ಟಿದ್ದರೆ ಒಡತಿ ಸಂತೋಷದಿಂದಲೇ ಹೋಗುತ್ತಿದ್ದರು, ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಮರಳಿ ಬರುತ್ತಿದ್ದರು. ಎರಡು ಲೀಟರ್ ನೀರು ಅಲ್ಲಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿದಿತ್ತು.

ಕಾರಿನೊಳಗೆ ನೀರು ಕಂಡರೆ ಎಲ್ಲರೂ ಮೊದಲು ಬಟ್ಟೆಯನ್ನು ಅನುಮಾನಿಸುತ್ತಾರೆ. ಬಟ್ಟೆ ನಿರಪರಾಧಿಯಾಗಿರುವ ಸಂದರ್ಭಗಳೇ ಹೆಚ್ಚು. ಮೇಲುಹೊದಿಕೆಯ ಹಿಂದಂಚಿನಿಂದ ಜಾರುವ ಮಳೆನೀರು ಕಾರಿನ ದೇಹದೊಳಗಿನ ಒಂದು ಕಾಲುವೆಗೆ ಬೀಳುವಂತೆಯೇ ಇದರ ರಚನೆ. ಆ ಕಾಲುವೆಯ ಎರಡು ತುದಿಗಳಿಂದ ಎರಡು ರಬ್ಬರ್ ಕೊಳವೆಗಳು ನೀರನ್ನು ಹಿಂಚಕ್ರದ ಮುಂದೆ, ಕಾರಿನ ಅಡಿಗೆ ಬಿಡುತ್ತವೆ. ಮನೆಯ ಛಾವಣಿಯ ದೋಣಿಗೂ ಇದಕ್ಕೂ ವ್ಯತ್ಯಾಸವಿಲ್ಲ. ದೋಣಿ ಕಟ್ಟಿಕೊಂಡರೆ ಹೆಂಚು ಎಷ್ಟು ಗಟ್ಟಿಯಿದ್ದರೇನು, ನೀರು ಗೋಡೆಗೆ ಇಳಿಯುತ್ತದೆ.

ಹೊದಿಕೆಯನ್ನು ಕೈಯಿಂದ ಅರ್ಧಕ್ಕೆ ಎತ್ತಿ, ಆಸರೆ ಕೊಟ್ಟು, ಕಾಲುವೆಯ ಬಲ ತುದಿಗೆ ಅರ್ಧ ಲೀಟರ್ ನೀರು ಸುರಿದೆ. ಕೆಲವೇ ಕ್ಷಣಗಳಲ್ಲಿ ಕೆಳಗೆ ನೆಲದ ಮೇಲೆ ಸೊಳ್ಳನೆ ಬಿತ್ತು. ಎಡ ತುದಿಗೆ ಒಂದು ಲೋಟ ಸುರಿದೆ. ನೀರು ಅಲ್ಲೇ ನಿಂತಿತು. ಅದರ ಮೇಲೆ ಒಂದು ಒಣ ಎಲೆಯ ಚೂರು ತೇಲುತ್ತಾ ಅಲುಗಾಡದೆ ಉಳಿಯಿತು.

ಕೊಳವೆಯ ಕೆಳತುದಿಯಲ್ಲಿ ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾದ ರಬ್ಬರ್ ಬಾಯಿ ಇದೆ. ರಸ್ತೆಯ ಧೂಳು, ಹುಳ ಒಳಹೋಗದಂತೆ ಅದು ಮುಚ್ಚಿಕೊಂಡಿರುತ್ತದೆ, ಒಳಗಿನಿಂದ ನೀರಿನ ಭಾರ ಬಿದ್ದಾಗ ತೆರೆಯುತ್ತದೆ. ಕಾರಿನ ಅಡಿಗೆ ಹೋಗಿ ಆ ಬಾಯಿಯನ್ನು ಎರಡು ಬೆರಳಿನಿಂದ ಹಿಸುಕಿದೆ. ಮೊದಲು ಏನೂ ಬರಲಿಲ್ಲ. ಎರಡನೆಯ ಸಲ ಹೊರಳಿಸಿ ಹಿಸುಕಿದಾಗ ಕಪ್ಪು ಗಸಿ ಹುಳುವಿನಂತೆ ಹೊರಬಂತು: ಕೊಳೆತ ಎಲೆ, ಹೂವಿನ ಪರಾಗ, ಬಟ್ಟೆಯಿಂದ ಉದುರಿದ ಜುಂಗು, ಎಲ್ಲ ಕಲಸಿ ಹಿಟ್ಟಾಗಿತ್ತು. ಅದರ ಹಿಂದೆಯೇ ನೀರು ನುಗ್ಗಿತು. ಮೇಲಿನಿಂದ 2 ಮಿಲಿಮೀಟರ್ ದಪ್ಪದ ಮೆತ್ತನೆಯ ನೈಲಾನ್ ತಂತಿಯ ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ತಿರುಗಿಸುತ್ತಾ ಇಳಿಸಿ, ಸ್ವಚ್ಛ ನೀರು ಬರುವವರೆಗೆ ತೊಳೆದೆ.

ಇಲ್ಲಿ ಕಂಪ್ರೆಸರ್ ಗಾಳಿಯನ್ನು ಜೋರಾಗಿ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಕಟ್ಟಿದ್ದು ಬಿಡದಿದ್ದರೆ ಒತ್ತಡ ಕೊಳವೆಯನ್ನೇ ಅದರ ಮೂಲದಿಂದ ಕಳಚುತ್ತದೆ. ಆಮೇಲೆ ನೀರು ಹೊರಗೆ ಹೋಗುವ ಬದಲು ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯೊಳಗೆ ಇಳಿದು, ಯಾರಿಗೂ ಕಾಣದಂತೆ ತುಕ್ಕು ಹಿಡಿಸುತ್ತದೆ. ಚೂಪಾದ ಕಬ್ಬಿಣದ ಸರಿಗೆಯೂ ಬೇಡ, ಅದು ರಬ್ಬರನ್ನು ತೂತು ಮಾಡುತ್ತದೆ.

ಎಲ್ಲ ಜೋಡಿಸಿ ಮತ್ತೆ ಅಳೆದಾಗ ಮೋಟಾರಿಗೆ 11.7 ವೋಲ್ಟ್ ತಲುಪುತ್ತಿತ್ತು, ಅರ್ಥಿಂಗ್ ಬದಿಯ ನಷ್ಟ 0.2ಕ್ಕೆ ಇಳಿದಿತ್ತು. ಹೊದಿಕೆ 14 ಸೆಕೆಂಡಿನಲ್ಲಿ ಮಡಚಿಕೊಂಡಿತು. ಹಳೆಯ ಗುಂಯ್ ಸದ್ದು ಮರಳಿತ್ತು. ನೀರಿನಲ್ಲಿ ನೆನೆದ ಮೋಟಾರು ಎಷ್ಟು ವರ್ಷ ಬಾಳುತ್ತದೆ ಎಂದು ಮಾತು ಕೊಡಲಾರೆ ಎಂದು ಒಡತಿಗೆ ಸ್ಪಷ್ಟವಾಗಿ ಹೇಳಿದೆ. ಕೆಲಸ ಮಾಡುತ್ತಿರುವುದನ್ನು ಕಿತ್ತೆಸೆಯಲು ನನಗೆ ಮನಸ್ಸಿರಲಿಲ್ಲ, ಅವರಿಗೂ ಇರಲಿಲ್ಲ.

ಬಟ್ಟೆ ಹೇಳಿದ ಇನ್ನೊಂದು ಕಥೆ

ಹೊದಿಕೆಯನ್ನು ಏಳೆಂಟು ಸಲ ಏರಿಸಿ ಇಳಿಸಿ ಪರೀಕ್ಷಿಸುವಾಗ ಎಡ ಮೂಲೆಯಲ್ಲಿ ಬಟ್ಟೆ ಸರಿಯಾಗಿ ಒಳಕ್ಕೆ ಸರಿಯುತ್ತಿಲ್ಲ ಎನ್ನಿಸಿತು. ಹತ್ತಿರ ಹೋಗಿ ನೋಡಿದರೆ, ಚೌಕಟ್ಟು ಮಡಚುವ ಕೀಲಿನ ಎದುರಿಗೆ ಬಟ್ಟೆಯಲ್ಲಿ ಉಗುರಿನಗಲದ ಎರಡು ಸವೆದ ಗುರುತುಗಳು.

ಹೊದಿಕೆ ಮಡಚುವಾಗ ಬಟ್ಟೆಯ ಅಂಚನ್ನು ಒಳಕ್ಕೆ ಎಳೆದುಕೊಳ್ಳಲು ಒಳಬದಿಯಲ್ಲಿ ಎಲಾಸ್ಟಿಕ್ ಪಟ್ಟಿಗಳನ್ನು ಹೊಲಿದಿರುತ್ತಾರೆ. ಹೊರಗಿನಿಂದ ಕಾಣದ ಈ ಪಟ್ಟಿಗಳು ವರ್ಷಗಳು ಕಳೆದಂತೆ ಜೀವ ಕಳೆದುಕೊಂಡು ಜೋತುಬೀಳುತ್ತವೆ. ಆಗ ಬಟ್ಟೆ ಕೀಲಿನ ಎರಡು ಲೋಹದ ತೋಳುಗಳ ನಡುವೆ ಸಿಕ್ಕಿ, ಪ್ರತಿ ಸಲವೂ ಚಿಮಟಿಗೆಯಲ್ಲಿ ಹಿಡಿದಂತೆ ಜಜ್ಜಿಹೋಗುತ್ತದೆ. ಒಂದು ದಿನ ಅಲ್ಲಿ ತೂತು ಕಾಣಿಸುತ್ತದೆ, ಬಟ್ಟೆ ಹಳೆಯದಾಯಿತು ಎಂದು ಇಡೀ ಹೊದಿಕೆ ಬದಲಿಸುತ್ತಾರೆ, ಹಳೆಯ ಎಲಾಸ್ಟಿಕ್ ಹಾಗೇ ಉಳಿದರೆ ಹೊಸ ಬಟ್ಟೆಗೂ ಅದೇ ಗತಿ. ಪಂಪ್ ಮತ್ತು ಕೊಳವೆಯ ಕಥೆಯೇ ಇಲ್ಲಿ ಬಟ್ಟೆ ಮತ್ತು ಪಟ್ಟಿಯ ರೂಪದಲ್ಲಿತ್ತು.

ಒಳ್ಳೆಯ ಹೊದಿಕೆಯ ಬಟ್ಟೆ ಮೂರು ಪದರದ್ದು: ಹೊರಗೆ ನೇಯ್ದ ಅಕ್ರಿಲಿಕ್, ನಡುವೆ ತೆಳುವಾದ ರಬ್ಬರ್, ಒಳಗೆ ಇನ್ನೊಂದು ಬಟ್ಟೆ. ನೀರನ್ನು ನಿಜವಾಗಿ ತಡೆಯುವುದು ನಡುವಿನ ರಬ್ಬರ್. ಇಲ್ಲಿ ಹೊರಪದರ ಮಾತ್ರ ಸವೆದಿತ್ತು. ಕಾರಿನ ಸೀಟು, ಹೊದಿಕೆ ಹೊಲಿಯುವ ಅನುಭವಿಯೊಬ್ಬರು ಅದೇ ಬಟ್ಟೆಯ ಸಣ್ಣ ತೇಪೆಯನ್ನು ಬಾಗುವ ಅಂಟಿನಿಂದ ಕೂರಿಸಿದರು. ಸೂಜಿ ಹಾಕಲು ಅವರು ಒಪ್ಪಲಿಲ್ಲ. ಒಂದೊಂದು ಹೊಲಿಗೆಯೂ ರಬ್ಬರಿನಲ್ಲಿ ಒಂದೊಂದು ತೂತು, ಅದು ಸರಿಯಾದ ಮಾತು. ಎಲಾಸ್ಟಿಕ್ ಪಟ್ಟಿಗಳನ್ನು ಮಾತ್ರ ಎರಡೂ ಬದಿಯಲ್ಲಿ ಹೊಸದಾಗಿ, ಬಲಬದಿಯದು ಇನ್ನೂ ಬಿಗಿಯಿದ್ದರೂ, ಒಂದೇ ಅಳತೆಗೆ ಹಾಕಿಸಿದೆವು. ಒಂದು ಬದಿ ಬಿಗಿ, ಒಂದು ಬದಿ ಸಡಿಲವಾದರೆ ಬಟ್ಟೆ ಓರೆಯಾಗಿ ಮಡಚುತ್ತದೆ.

ಆರೈಕೆ

ಒಡತಿ ಹೊದಿಕೆಯನ್ನು ತಿಂಗಳಿಗೊಮ್ಮೆ ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿ ಚೆನ್ನಾಗಿ ಉಜ್ಜುತ್ತಿದ್ದರು. ಅಷ್ಟು ಕಾಳಜಿಯಿಂದ ಮಾಡಿದ ಕೆಲಸವೇ ಬಟ್ಟೆಗೆ ಒಗ್ಗಿರಲಿಲ್ಲ. ಕಟುವಾದ ಸೋಪು ನೂಲಿನ ಮೇಲಿನ ನೀರು ನಿರೋಧಕ ಲೇಪವನ್ನು ಎತ್ತಿಬಿಡುತ್ತದೆ. ಒಂದು ಚಮಚ ನೀರು ಚಿಮುಕಿಸಿ ತೋರಿಸಿದೆ: ಕೆಸುವಿನ ಎಲೆಯ ಮೇಲಿನಂತೆ ಮಣಿಯಾಗಿ ಉರುಳಬೇಕಿದ್ದ ಹನಿಗಳು ಬಟ್ಟೆಗೆ ಇಂಗಿ ಕಪ್ಪು ಕಲೆಯಾಗಿ ಹರಡಿದವು. ಹೀಗೆ ನೆನೆದ ಬಟ್ಟೆ ಒಣಗಲು ತಡವಾಗುತ್ತದೆ, ಒಣಗದ ಬಟ್ಟೆಗೆ ಪಾಚಿ ಮತ್ತು ಬೂಷ್ಟು ಬರುತ್ತದೆ, ಉದುರುವ ಜುಂಗೂ ಹೆಚ್ಚುತ್ತದೆ. ಕೊಳವೆಯಲ್ಲಿ ಕಂಡ ಜುಂಗು ಎಲ್ಲಿಂದ ಬಂತು ಎಂಬುದಕ್ಕೂ ಅಲ್ಲೇ ಉತ್ತರ ಇತ್ತು.

ಮೊದಲು ಒಣಗಿರುವಾಗಲೇ ಮೆತ್ತನೆಯ ಬ್ರಷ್ಷಿನಿಂದ ನೇಯ್ಗೆಯ ದಿಕ್ಕಿನಲ್ಲಿ ಧೂಳು ಗುಡಿಸಿದೆವು. ಆಮೇಲೆ ಬರೀ ನೀರು, ನಂತರ ಈ ಬಟ್ಟೆಗಾಗಿಯೇ ಇರುವ ಸೌಮ್ಯ ಶಾಂಪೂ, ಕೊನೆಗೆ ನೊರೆ ಪೂರ್ತಿ ಹೋಗುವವರೆಗೆ ಮತ್ತೆ ನೀರು. ಹೈ ಪ್ರೆಷರ್ ನೀರಿನ ನಳಿಕೆಯನ್ನು ಹತ್ತಿರದಿಂದ ಹೊಲಿಗೆಗೆ ಹಿಡಿಯಬಾರದು. ತಿರುಗುವ ದೊಡ್ಡ ಬ್ರಷ್‌ಗಳ, ಬಿಸಿ ಮೇಣ ಸಿಂಪಡಿಸುವ ಸ್ವಯಂಚಾಲಿತ ತೊಳೆತವೂ ಇದಕ್ಕೆ ಬೇಡ. ಹಕ್ಕಿಯ ಹಿಕ್ಕೆ ಬಿದ್ದರೆ ಒದ್ದೆ ಬಟ್ಟೆ ಇಟ್ಟು ನೆನೆಸಿ ಎತ್ತಬೇಕು, ಒಣಗಿದ್ದನ್ನು ಕೆರೆಯಬಾರದು. ಇಡೀ ದಿನ ನೆರಳಿನ ಗಾಳಿಯಲ್ಲಿ ಒಣಗಿಸಿ, ಗಾಜು ಮತ್ತು ಬಣ್ಣದ ಭಾಗಗಳನ್ನು ಕಾಗದದಿಂದ ಮುಚ್ಚಿ, ನೀರು ನಿರೋಧಕ ದ್ರವವನ್ನು ಎರಡು ತೆಳು ಪದರವಾಗಿ ಸಿಂಪಡಿಸಿದೆವು. ಈ ಸಲ ಹನಿಗಳು ಉರುಳಿದವು.

ರಬ್ಬರ್ ಅಂಚುಗಳಿಗೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು. ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನು ಊದಿಸುತ್ತದೆ. ಹಿಂಗಾಜು ಗಾಜಿನದಲ್ಲದೆ ಪ್ಲಾಸ್ಟಿಕ್ಕಿನದಾಗಿದ್ದರೆ ಚಳಿಯಲ್ಲಿ ಮಡಚಬಾರದು, ಮಡಚುವಾಗ ನಡುವೆ ಮೆತ್ತನೆಯ ಟವೆಲ್ ಇಡಬೇಕು.

ಒದ್ದೆ ಹೊದಿಕೆಯನ್ನು ಮಡಚಿ ಗೂಡಿನೊಳಗೆ ಬಿಟ್ಟುಬಿಡುವುದು ನನ್ನ ಪ್ರಕಾರ ಇವೆಲ್ಲಕ್ಕಿಂತ ಕೆಟ್ಟ ಅಭ್ಯಾಸ. ತುರ್ತಿಗೆ ಮಡಚಿದರೂ ಅದೇ ದಿನ ಬಿಚ್ಚಿ ಒಣಗಿಸಬೇಕು. ಹಾಗೆಯೇ ತಿಂಗಳುಗಟ್ಟಲೆ ಮುಚ್ಚಿಯೇ ಇಡುವುದೂ ಒಳ್ಳೆಯದಲ್ಲ. ತಿಂಗಳಿಗೊಮ್ಮೆ ಪೂರ್ತಿ ತೆರೆದು ಮುಚ್ಚಿದರೆ ಸಿಲಿಂಡರಿನ ಸೀಲುಗಳಿಗೆ ಎಣ್ಣೆಯ ಪಸೆ ಸಿಗುತ್ತದೆ, ಬಟ್ಟೆಯ ಮಡಿಕೆ ಗಟ್ಟಿಗಟ್ಟುವುದಿಲ್ಲ, ಕಾಲುವೆಯಲ್ಲಿ ಬಿದ್ದ ಎಲೆಯೂ ಕಣ್ಣಿಗೆ ಬೀಳುತ್ತದೆ.

ಮೂರು ತಿಂಗಳ ನಂತರ

ಕಾರನ್ನು ಒಪ್ಪಿಸುವ ದಿನ, ಕುಳಿಯ ತಳದಲ್ಲಿ ಪಂಪಿನ ಪಕ್ಕಕ್ಕೆ ಹಳೆಯ ದಿನಪತ್ರಿಕೆಯ ಒಂದು ಪಟ್ಟಿಯನ್ನು ಮಡಿಸಿ ಇಟ್ಟಿದ್ದೆ. ನೆಲಹಾಸಿನ ಅಂಚನ್ನು ಎತ್ತಿದರೆ ಕೈಗೆ ಸಿಗುವಂತೆ ಅದರ ಒಂದು ತುದಿಯನ್ನು ಮೇಲಕ್ಕೆ ಬಿಟ್ಟಿದ್ದೆ. ಪ್ರತಿ ದೊಡ್ಡ ಮಳೆಯ ನಂತರ ಅದನ್ನು ಮುಟ್ಟಿ ನೋಡಿ, ಪ್ರತಿ ಋತು ಬದಲಾದಾಗ ಎರಡೂ ಕೊಳವೆಗಳಿಗೆ ಒಂದೊಂದು ಲೋಟ ನೀರು ಸುರಿದು ನೋಡಿ ಎಂದು ಒಡತಿಗೆ ಹೇಳಿದ್ದೆ.

ಮೂರು ತಿಂಗಳ ಬಳಿಕ, ರಾತ್ರಿಯಿಡೀ ಮಳೆ ಸುರಿದ ಮರುದಿನ ಬೆಳಿಗ್ಗೆ ಅವರೇ ಕಾರು ತಂದರು. ಮೀಟರ್ ಹಿಡಿದು ನೋಡಿದೆ, ಮೋಟಾರಿಗೆ 11.6 ವೋಲ್ಟ್ ತಲುಪುತ್ತಿತ್ತು. ಹೊದಿಕೆಗೆ ಹಿಡಿದದ್ದು ಅದೇ 14 ಸೆಕೆಂಡು. ಎಡಬದಿಯ ಕೊಳವೆಯಿಂದ ನೀರು ಬಲಬದಿಯಷ್ಟೇ ಬೇಗ ನೆಲಕ್ಕೆ ಬಿತ್ತು. ಅವರು ಸೀಟನ್ನು ಮುಂದಕ್ಕೆ ಸರಿಸಿ, ನೆಲಹಾಸಿನ ಅಂಚೆತ್ತಿ, ಕಾಗದದ ಪಟ್ಟಿಯನ್ನು ಮೆಲ್ಲಗೆ ಹೊರಗೆಳೆದು ನನ್ನ ಕೈಗೆ ಕೊಟ್ಟರು. ಮುರಿದರೆ ಪಟಪಟ ಅನ್ನುವಷ್ಟು ಒಣಗಿತ್ತು, ಒಂದಕ್ಷರದ ಮಸಿಯೂ ಕದಡಿರಲಿಲ್ಲ. ಅದನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟೆವು.